ನಾವು ಬರೆದದ್ದು, ಎಐ ಬಳಸಿದ್ದು: ಹೆಸರು, ಲೈಸೆನ್ಸ್, ನ್ಯಾಯ – ಪದೇ ಪದೇ ಕೇಳುವ ಪ್ರಶ್ನೆಗಳು

ವಿಕಿ ಲೇಖನ, ಪ್ರಶ್ನೋತ್ತರ, ತೆರೆದ ನಕ್ಷೆ, ಓಪನ್ ಸೋರ್ಸ್ ಕೋಡ್, ದಾನ ಕೊಟ್ಟ ಧ್ವನಿ. ಇವೆಲ್ಲ ಸಂಬಳವಿಲ್ಲದೆ ದುಡಿದವರ ಕೊಡುಗೆ. ಈಗ ಎಐ ಉಪಕರಣಗಳು ಇದೇ ಸಾಮಗ್ರಿಯಿಂದ ಕಲಿತು ಉತ್ತರ ಕೊಡುತ್ತಿವೆ. ಈ ಬಗ್ಗೆ ಮಾತುಕತೆಯಲ್ಲಿ, ಪತ್ರಗಳಲ್ಲಿ ಮತ್ತೆ ಮತ್ತೆ ಎದುರಾಗುವ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಟ್ಟಿದ್ದೇನೆ. ಸುಲಭದವು ಮೊದಲು, ತಲೆ ಕೆರೆಯುವಂಥವು ಆಮೇಲೆ. ಕಾನೂನು ದೇಶದಿಂದ ದೇಶಕ್ಕೆ ಬೇರೆ. ಹಾಗಾಗಿ ಇದನ್ನು ವಕೀಲರ ಸಲಹೆ ಎಂದುಕೊಳ್ಳಬೇಡಿ.

## ಮೊದಲಿಗೆ

ನಾನು ವರ್ಷಗಟ್ಟಲೆ ವಿಕಿಪೀಡಿಯದಲ್ಲಿ ಬರೆದಿದ್ದೀನಿ. ಅದೂ ಎಐ ಹೊಟ್ಟೆಗೆ ಹೋಗಿದೆಯಾ?

ಬಹುಪಾಲು ಹೋಗಿದೆ. ಚಾಟ್‌ಜಿಪಿಟಿ ಮಾಡಿದ ಓಪನ್‌ಎಐ ಕಂಪನಿ 2020ರಲ್ಲಿ ಜಿಪಿಟಿ-3 ಎಂಬ ತನ್ನ ಮಾಡೆಲ್ (ಪಠ್ಯ ಓದಿ ಕಲಿತು ಉತ್ತರ ಕೊಡುವ ಎಐ) ಬಗ್ಗೆ ಪ್ರಕಟಿಸಿದ ಪ್ರಬಂಧದಲ್ಲೇ ಇದರ ಲೆಕ್ಕವಿದೆ. ಸಂಗ್ರಹಿಸಿದ ಪಠ್ಯದಲ್ಲಿ ಇಂಗ್ಲಿಷ್ ವಿಕಿಪೀಡಿಯ ಗಾತ್ರದಲ್ಲಿ ಶೇ. 1ರಷ್ಟೂ ಇರಲಿಲ್ಲ. ಆದರೂ ತರಬೇತಿಯಲ್ಲಿ ಅದಕ್ಕೆ ಶೇ. 3ರ ಪಾಲು ಕೊಟ್ಟಿದ್ದರು. ಅಂದರೆ ಅದೇ ಪಠ್ಯವನ್ನು ಮೂರು ಸಲಕ್ಕಿಂತ ಜಾಸ್ತಿ ಓದಿಸಿದ್ದರು. ಬೀದಿಬೀದಿಯಿಂದ ಗುಡಿಸಿ ತಂದ ವೆಬ್ ಪುಟಗಳಿಗಿಂತ ಜನ ಕೂತು ತಿದ್ದಿದ ಬರಹ ಮೇಲು ಎಂದು ಕಂಪನಿಗಳಿಗೇ ಗೊತ್ತಿತ್ತು, ಅಲ್ವಾ? 2007ರಲ್ಲಿ ಶುರುವಾದ, ವೆಬ್ ಪುಟಗಳನ್ನು ಸಂಗ್ರಹಿಸಿ ಎಲ್ಲರಿಗೂ ಕೊಡುವ ಕಾಮನ್ ಕ್ರಾಲ್ ಸಂಸ್ಥೆ ಇನ್ನೊಂದು ದಾರಿ. ನೀವು ಬರೆದ ತಾಣ ಎಷ್ಟು ಸಣ್ಣದಿದ್ದರೂ ಆ ದಾರಿಯಲ್ಲಿ ಸೇರಿಕೊಂಡಿರಬಹುದು.

ಎಲ್ಲರಿಗೂ ಉಚಿತ ಅಂತ ಕೊಟ್ಟ ಮೇಲೆ ಹೆಸರು ಹಾಕಿ ಅಂತ ಕೇಳೋದು ಯಾಕೆ?

ಉಚಿತ ಎಂದರೆ ಷರತ್ತೇ ಇಲ್ಲ ಎಂದಲ್ಲ. ತಮ್ಮ ಕೃತಿಯನ್ನು ಉಚಿತವಾಗಿ ಹಂಚುವವರು ಬಳಸುವ ಕ್ರಿಯೇಟಿವ್ ಕಾಮನ್ಸ್ (ಸಿಸಿ) ಲೈಸೆನ್ಸುಗಳು 2002ರಲ್ಲಿ ಬಂದವು. ಅವುಗಳಲ್ಲಿ ಸಿಸಿ ಬೈ ಎಂದರೆ ಬಳಸಿ, ಆದರೆ ಯಾರದ್ದು ಎಂದು ಹೇಳಿ. ಸಿಸಿ ಬೈ-ಎಸ್‌ಎ ಎಂದರೆ ಯಾರದ್ದೆಂದೂ ಹೇಳಿ, ನೀವು ತಿದ್ದಿ ಹಂಚಿದ್ದನ್ನೂ ಇದೇ ಷರತ್ತಿನಲ್ಲಿ ಹಂಚಿ. ಸಿಸಿ ಝೀರೋದಲ್ಲಿ ಮಾತ್ರ ಯಾವ ಷರತ್ತೂ ಇಲ್ಲ. ವಿಕಿಪೀಡಿಯದ ಪಠ್ಯ ಬೈ-ಎಸ್‌ಎ ಅಡಿಯಲ್ಲಿದೆ, 2023ರಿಂದ ಅದರ 4.0 ಆವೃತ್ತಿಯಲ್ಲಿ. ದುಡ್ಡು ಬೇಡ ಎಂದವರು ಕೇಳಿದ ಬೆಲೆ ಇದೊಂದೇ. ಅದನ್ನೂ ಕೊಡದಿದ್ದರೆ ಉಚಿತವಾಗಿ ತೆಗೆದುಕೊಂಡಂತಾಗುವುದಿಲ್ಲ, ಬಾಕಿ ಉಳಿಸಿಕೊಂಡಂತಾಗುತ್ತದೆ.

ಮನುಷ್ಯರೂ ಓದೇ ಕಲಿಯೋದು. ಯಂತ್ರ ಓದಿ ಕಲಿತರೆ ಏನು ತಪ್ಪು?

ಓದಿ ಕಲಿಯುವುದರಲ್ಲಿ ತಪ್ಪಿಲ್ಲ. ಮಾಹಿತಿಗೆ ಯಾರೂ ಒಡೆಯರಲ್ಲ. ನದಿಯ ಉದ್ದಕ್ಕೆ ಕಾಪಿರೈಟ್ ಇಲ್ಲ, ಅದನ್ನು ಹೇಳಿದ ರೀತಿಗೆ ಇರುತ್ತದೆ. ಅಮೆರಿಕದ ಸುಪ್ರೀಂ ಕೋರ್ಟ್ 1991ರಲ್ಲಿ ಟೆಲಿಫೋನ್ ಡೈರೆಕ್ಟರಿಯ ಒಂದು ಕೇಸಿನಲ್ಲಿ ಇದನ್ನೇ ಹೇಳಿತು.

ಆದರೂ ಇವೆರಡನ್ನು ಒಂದೇ ತಕ್ಕಡಿಯಲ್ಲಿ ತೂಗಲಾಗದು. ವಿಕಿ ಓದಿ ಕಲಿತ ಮನುಷ್ಯ ನಾಳೆ ಅಲ್ಲಿಗೇ ಬಂದು ಒಂದು ಕಾಗುಣಿತ ತಿದ್ದುತ್ತಾನೆ, ಒಂದು ಪ್ರಶ್ನೆಗೆ ಉತ್ತರ ಬರೆಯುತ್ತಾನೆ. ಮಾಡೆಲ್ ಹಾಗೆ ಬರುವುದಿಲ್ಲ. ಅದು ಓದಿದ್ದನ್ನು ಕೆಲವೊಮ್ಮೆ ಅಕ್ಷರ ಬಿಡದೆ ಒಪ್ಪಿಸಿಬಿಡುತ್ತದೆ, ಎಲ್ಲಿ ಓದಿದ್ದೆಂದು ಮಾತ್ರ ಹೇಳುವುದಿಲ್ಲ. ನನ್ನ ತಕರಾರು ಕಲಿಕೆಯ ಮೇಲಲ್ಲ, ಕಲಿತ ಮೇಲೆ ಬಂದ ದಾರಿಯನ್ನು ಅಳಿಸಿಹಾಕುವುದರ ಮೇಲೆ.

ಹೆಸರು ಹಾಕದಿದ್ದರೆ ನಿಜವಾಗಿ ಯಾರಿಗೆ ನಷ್ಟ? ಬರೆದವನ ಅಹಂಕಾರಕ್ಕೆ ತಾನೆ?

ಹೆಚ್ಚು ನಷ್ಟ ಓದುವವರಿಗೆ. 2024ರ ಮೇ ತಿಂಗಳಲ್ಲಿ ಪಿಜ್ಜಾ ಮೇಲೆ ಚೀಸ್ ನಿಲ್ಲುತ್ತಿಲ್ಲ ಎಂದವರಿಗೆ ಗೂಗಲ್‌ನ ಎಐ ಸಾರಾಂಶ ಸಾಸಿಗೆ ಸ್ವಲ್ಪ ಅಂಟು ಬೆರೆಸಿ ಎಂದು ಸಲಹೆ ಕೊಟ್ಟಿತು. ಜನ ಹುಡುಕಿದಾಗ ಸಿಕ್ಕಿದ್ದು ರೆಡ್ಡಿಟ್ ಎಂಬ ಚರ್ಚಾ ತಾಣದಲ್ಲಿ ಯಾರೋ 11 ವರ್ಷದ ಹಿಂದೆ ಹೊಡೆದಿದ್ದ ಜೋಕು. ಮೂಲದ ಪುಟದಲ್ಲಿ ಓದಿದ್ದರೆ ಅದು ತಮಾಷೆ ಎಂದು ಯಾರಿಗಾದರೂ ತಿಳಿಯುತ್ತಿತ್ತು. ಸುತ್ತಲಿನ ಮಾತು, ಬರೆದವರ ಹೆಸರು, ತಾರೀಕು ಎಲ್ಲ ಉದುರಿ ಒಂದು ಗಂಭೀರ ವಾಕ್ಯ ಮಾತ್ರ ಉಳಿದಾಗ ಜೋಕು ಯಾವುದು, ಅನುಭವ ಯಾವುದು ಎಂದು ಹೇಗೆ ಗೊತ್ತಾಗಬೇಕು?

ಎರಡನೇ ನಷ್ಟ ನಿಧಾನವಾಗಿ ಆಗುವಂಥದ್ದು. ವಿಕಿ ಓದಲು ಬಂದವರಲ್ಲೇ ಕೆಲವರು ಮುಂದೆ ಬರೆಯುವವರಾಗುತ್ತಾರೆ. ಓದುಗ ಅಲ್ಲಿಗೆ ಬರುವುದೇ ನಿಂತರೆ ತಿದ್ದುವವರು ಎಲ್ಲಿಂದ ಬರಬೇಕು? ಮನುಷ್ಯರು ನೋಡುವ ಪುಟಗಳ ಸಂಖ್ಯೆ ಹಿಂದಿನ ವರ್ಷಕ್ಕಿಂತ ಸುಮಾರು ಶೇ. 8ರಷ್ಟು ಇಳಿದಿದೆ ಎಂದು ವಿಕಿಪೀಡಿಯ ನಡೆಸುವ ವಿಕಿಮೀಡಿಯ ಫೌಂಡೇಶನ್ 2025ರ ಅಕ್ಟೋಬರಿನಲ್ಲಿ ಹೇಳಿತು. ಹುಡುಕಾಟದ ಪುಟದಲ್ಲೇ ನೇರ ಉತ್ತರ ಸಿಗುವುದೂ ಇದಕ್ಕೆ ಒಂದು ಕಾರಣ ಎಂದಿತು. ಬರೆದವರ ಅಹಂಕಾರ ಬಿಡಿ. ವಿಕಿಯಲ್ಲಿ ಬಹಳ ಜನ ಸುಳ್ಳು ಹೆಸರಿನಲ್ಲೇ ಬರೆಯುತ್ತಾರೆ.

## ಎಐ ಬಳಸುವವರು ಕೇಳುವುದು

ಚಾಟ್‌ಬಾಟ್ ಕೊಟ್ಟಿದ್ದನ್ನು ಲೇಖನದಲ್ಲಿ ಹಾಕಿ 'ಕೃಪೆ: ಎಐ' ಅಂತ ಬರೆದ್ರೆ ಸಾಕಾ?

ಅದು ಪ್ರಾಮಾಣಿಕ ಸೂಚನೆ, ಮೂಲದ ಉಲ್ಲೇಖ ಅಲ್ಲ. ಉಪಕರಣ ಬಳಸಿದ್ದೇನೆ ಎಂದು ಓದುಗರಿಗೆ ತಿಳಿಸಿದಿರಿ, ಒಳ್ಳೆಯದು. ಆದರೆ ಆ ಸಂಗತಿ ಬಂದದ್ದು ಎಲ್ಲಿಂದ ಎಂಬುದು ಇನ್ನೂ ಹಾಗೇ ಉಳಿಯಿತು. ಒಂದು ಕೆಲಸ ಮಾಡಿ. ಉತ್ತರದ ಮುಖ್ಯ ವಾಕ್ಯವನ್ನು ಉದ್ಧರಣ ಚಿಹ್ನೆಯೊಳಗೆ ಹಾಕಿ ಹುಡುಕಿ. ಯಾವುದಾದರೂ ಪುಟದಲ್ಲಿ ಹಾಗೇ ಸಿಕ್ಕರೆ ಆ ಪುಟವನ್ನೇ ಓದಿ, ಅದನ್ನೇ ಉಲ್ಲೇಖಿಸಿ. ಸಿಗದಿದ್ದರೆ ಆ ಮಾಹಿತಿಗೆ ಬೇರೆ ಆಧಾರ ಹುಡುಕಿ. ಎರಡೂ ಆಗದಿದ್ದರೆ ಆ ವಾಕ್ಯ ಬಿಟ್ಟುಬಿಡುವುದೇ ಲೇಸು.

ಉತ್ತರದ ಕೆಳಗೆ ಲಿಂಕ್ ಕೊಟ್ಟಿರ್ತಾರಲ್ಲ, ಇನ್ನೇನು ಬೇಕು?

ಇಲ್ಲಿ ಎರಡು ಬೇರೆ ಕೆಲಸಗಳು ಬೆರೆತುಹೋಗಿವೆ. ಒಂದು ತರಬೇತಿ. ಕೋಟಿಗಟ್ಟಲೆ ಪುಟ ಓದಿ ಮಾಡೆಲ್ ಒಳಗಿನ ಅಂಕಿಗಳು ಬದಲಾಗುತ್ತವೆ. ಅಲ್ಲಿಂದ ಬಂದ ವಾಕ್ಯಕ್ಕೆ ಇದೇ ಪುಟ ಮೂಲ ಎಂದು ಬೆರಳಿಟ್ಟು ತೋರಿಸುವುದು ಕಷ್ಟ. ಇನ್ನೊಂದು ಹುಡುಕಿ ತರುವುದು. ನೀವು ಕೇಳಿದ ಕೂಡಲೇ ಉಪಕರಣ ನಾಲ್ಕು ಪುಟ ತೆರೆದು, ಓದಿ, ಸಾರ ಹೇಳುತ್ತದೆ. ಇಲ್ಲಿ ಮೂಲ ಹೇಳದಿರಲು ಯಾವ ನೆಪವೂ ಇಲ್ಲ, ಪುಟ ಎದುರಿಗೇ ಇರುತ್ತದೆ.

ಲಿಂಕ್ ಇದ್ದ ಮಾತ್ರಕ್ಕೆ ನಂಬಬೇಡಿ. ಕೆಲವೊಮ್ಮೆ ಉತ್ತರ ನೆನಪಿನಿಂದ ಬಂದಿರುತ್ತದೆ, ಲಿಂಕ್ ಆಮೇಲೆ ಅಂಟಿಸಿದ್ದಾಗಿರುತ್ತದೆ. ಒತ್ತಿ ನೋಡಿದರೆ ಆ ಪುಟದಲ್ಲಿ ಆ ಮಾತೇ ಇರುವುದಿಲ್ಲ. ಇಲ್ಲದ ಪುಸ್ತಕ, ಇಲ್ಲದ ಪ್ರಬಂಧದ ಹೆಸರು ಹೇಳುವುದೂ ಉಂಟು. ಹೆಸರೇ ಹೇಳದೆ ಬಿಡುವುದಕ್ಕಿಂತ ತಪ್ಪು ಹೆಸರು ಹೇಳುವುದು ಕೆಟ್ಟದ್ದು.

ಎಐ ಕೈಲಿ ಬರೆಸಿ ವಿಕಿಗೆ ಹಾಕಿದ್ರೆ ಸಮುದಾಯಕ್ಕೆ ಸಹಾಯವೇ ಅಲ್ವಾ?

ಓದಿ, ಪ್ರತಿ ವಾಕ್ಯಕ್ಕೂ ಆಧಾರ ಹುಡುಕಿ, ತಿದ್ದಿ ಹಾಕಿದರೆ ಸಹಾಯ. ಹಾಗೇ ಸುರಿದರೆ ಉಪದ್ರವ. ಪ್ರೋಗ್ರಾಮರ್‌ಗಳ ಪ್ರಶ್ನೋತ್ತರ ತಾಣ ಸ್ಟ್ಯಾಕ್ ಓವರ್‌ಫ್ಲೋ 2022ರ ಡಿಸೆಂಬರಿನಲ್ಲಿ, ಚಾಟ್‌ಜಿಪಿಟಿ ಬಂದ ಕೆಲವೇ ದಿನಗಳಲ್ಲಿ, ಅದರಿಂದ ಬರೆಸಿದ ಉತ್ತರಗಳನ್ನು ನಿಷೇಧಿಸಿತು. ನೋಡಲು ಸರಿಯಾಗಿ ಕಾಣುವ ತಪ್ಪು ಉತ್ತರಗಳು ಪರಿಶೀಲಿಸುವವರ ಕೈಮೀರಿ ಬರುತ್ತಿದ್ದವು. ಪರಿಶೀಲಿಸದೆ ಹಾಕಿದ ಎಐ ಪುಟಗಳನ್ನು ಚರ್ಚೆಯಿಲ್ಲದೆ ತೆಗೆಯಬಹುದು ಎಂಬ ನಿಯಮವನ್ನು ಇಂಗ್ಲಿಷ್ ವಿಕಿಪೀಡಿಯ 2025ರಲ್ಲಿ ತಂದಿತು. ಬರೆಸಲು ಅರ್ಧ ನಿಮಿಷ, ಪರಿಶೀಲಿಸಲು ಅರ್ಧ ದಿನ. ಆ ಅರ್ಧ ದಿನ ಯಾರದ್ದು ಎಂದು ಯೋಚಿಸಿ. ಜೊತೆಗೆ, ಇಂದು ಹಾಕಿದ ತಪ್ಪನ್ನು ನಾಳೆಯ ಮಾಡೆಲ್ 'ವಿಕಿಯಲ್ಲಿದೆ' ಎಂದು ಕಲಿಯುತ್ತದೆ. ಲೇಖನಗಳು ಕಡಿಮೆ ಇರುವ ಭಾಷೆಗಳಲ್ಲಿ ಈ ಸುತ್ತು ಬೇಗ ಪೂರ್ತಿಯಾಗುತ್ತದೆ.

ಎಐ ಬರೆದ ಕೋಡ್ ನನ್ನ ಪ್ರಾಜೆಕ್ಟಿಗೆ ಹಾಕಿದರೆ ತೊಂದರೆ ಬರುತ್ತಾ?

ಸಣ್ಣಪುಟ್ಟ, ಎಲ್ಲರೂ ಬರೆಯುವಂಥ ಸಾಲುಗಳಿಗೆ ಬರುವುದು ಕಡಿಮೆ. ಉದ್ದದ, ವಿಚಿತ್ರ ಟಿಪ್ಪಣಿಗಳಿರುವ ಫಂಕ್ಷನ್ ಒಂದೇ ಸಲಕ್ಕೆ ಬಂತೆಂದರೆ ಹುಷಾರು, ಅದು ಯಾರದ್ದೋ ರೆಪಾಸಿಟರಿಯ (ಕೋಡ್ ಇಡುವ ಕಣಜದ) ಪ್ರತಿ ಇರಬಹುದು. ಜಿಪಿಎಲ್ (ಬಳಸಿ ಹಂಚುವವರೂ ಅದೇ ಷರತ್ತಿನಲ್ಲಿ ಹಂಚಬೇಕು ಎನ್ನುವ ಲೈಸೆನ್ಸ್) ಕೋಡ್ ಆಗಿದ್ದರೆ ನಿಮ್ಮ ಪ್ರಾಜೆಕ್ಟಿನ ಲೈಸೆನ್ಸಿಗೇ ತಾಗುತ್ತದೆ. ಎಂಐಟಿ ಲೈಸೆನ್ಸ್ ಎಷ್ಟೇ ಸಡಿಲವಿದ್ದರೂ ಕಾಪಿರೈಟ್ ಸಾಲನ್ನು ಉಳಿಸಲೇಬೇಕು. ಕೋಡ್ ಬರೆದುಕೊಡುವ ಎಐ ಉಪಕರಣ ಗಿಟ್‌ಹಬ್ ಕೋಪೈಲಟ್ ಮೇಲೆ 2022ರ ನವೆಂಬರಿನಲ್ಲಿ ಕೆಲವು ಪ್ರೋಗ್ರಾಮರ್‌ಗಳು ಹೂಡಿದ ಮೊಕದ್ದಮೆಯ ಹುರುಳೂ ಇದೇ: ಕೋಡ್ ಬಂತು, ಹೆಸರು ಮತ್ತು ಲೈಸೆನ್ಸ್ ಕಳಚಿಹೋಯಿತು. ಸಾರ್ವಜನಿಕ ಕೋಡಿಗೆ ಹೊಂದುವ ಸಲಹೆಗಳನ್ನು ತಡೆಯುವ ಆಯ್ಕೆ ಕೋಪೈಲಟ್‌ನಲ್ಲಿದೆ. ಆನ್ ಮಾಡಿಡಿ.

## ಕೊಟ್ಟವರು ಕೇಳುವುದು

ನಾನು ಕೊಟ್ಟಿದ್ದನ್ನೆಲ್ಲ ಅಳಿಸಿ ವಾಪಸ್ ತಗೊಳ್ತೀನಿ. ಆಗುತ್ತಾ?

ಸಿಸಿ ಲೈಸೆನ್ಸಿನಲ್ಲಿ ಕೊಟ್ಟಿದ್ದರೆ ಆಗುವುದಿಲ್ಲ. ಮುಂದೆ ಹಂಚುವುದನ್ನು ನೀವು ನಿಲ್ಲಿಸಬಹುದು, ಈಗಾಗಲೇ ಪಡೆದವರ ಹಕ್ಕನ್ನು ಕಿತ್ತುಕೊಳ್ಳಲಾಗದು. 2024ರ ಮೇ ತಿಂಗಳಲ್ಲಿ ಸ್ಟ್ಯಾಕ್ ಓವರ್‌ಫ್ಲೋ ಓಪನ್‌ಎಐ ಜೊತೆ ಒಪ್ಪಂದ ಮಾಡಿಕೊಂಡಾಗ ಸಿಟ್ಟಿಗೆದ್ದ ಕೆಲವರು ತಮ್ಮ ಹಳೆಯ ಉತ್ತರಗಳನ್ನು ಅಳಿಸಿದರು, ಬದಲಿಗೆ ಪ್ರತಿಭಟನೆಯ ಸಾಲು ಬರೆದರು. ತಾಣ ಆ ಉತ್ತರಗಳನ್ನು ಮರಳಿ ಹಾಕಿತು, ಖಾತೆಗಳನ್ನು ಕೆಲ ದಿನ ಅಮಾನತು ಮಾಡಿತು. ನಿಯಮದ ಪ್ರಕಾರ ತಾಣ ಸರಿ ಇರಬಹುದು. ಬರೆದವರನ್ನು ಮೊದಲು ಒಂದು ಮಾತು ಕೇಳಿದ್ದರೆ ಇಷ್ಟೆಲ್ಲ ಆಗುತ್ತಿತ್ತೇ?

ತರಬೇತಿ ಮುಗಿದ ಮಾಡೆಲ್‌ನಿಂದ ಒಬ್ಬರ ಬರಹವನ್ನು ಮಾತ್ರ ಹೆಕ್ಕಿ ತೆಗೆಯುವ ಭರವಸೆಯ ವಿಧಾನ ಇನ್ನೂ ಇಲ್ಲ. ಹಾಗಾಗಿ ತೆಗೆಯುವ ಅವಕಾಶ ತರಬೇತಿಗೆ ಮೊದಲೇ ಸಿಗಬೇಕು. ಕೋಡ್ ಬರೆಯುವ ಮಾಡೆಲ್‌ಗಳಿಗಾಗಿ ಬಿಗ್‌ಕೋಡ್ ಯೋಜನೆ 'ದಿ ಸ್ಟ್ಯಾಕ್' ಎಂಬ ಕೋಡ್ ಸಂಗ್ರಹ ಮಾಡಿದಾಗ ನಿಮ್ಮ ಕೋಡ್ ಅದರಲ್ಲಿದೆಯೇ ಎಂದು ನೋಡಿಕೊಳ್ಳುವ, ಇದ್ದರೆ ತೆಗೆಯಿರಿ ಎಂದು ಕೇಳುವ ವ್ಯವಸ್ಥೆ ಇಟ್ಟಿತು. ಮಾಡಬೇಕೆಂದರೆ ಮಾಡಬಹುದು ಎನ್ನುವುದಕ್ಕೆ ಅದೇ ಸಾಕ್ಷಿ.

ತಾಣದವರು ನಮ್ಮ ಬರಹ ಮಾರಿ ದುಡ್ಡು ಮಾಡ್ಕೊಂಡ್ರು. ನಮಗೆ ಏನೂ ಇಲ್ವಾ?

ಹೆಚ್ಚಿನ ಕಡೆ ಏನೂ ಇಲ್ಲ. ಸೇರುವಾಗ 'ಒಪ್ಪಿದ್ದೇನೆ' ಎಂದು ಒತ್ತಿದ ಷರತ್ತುಗಳಲ್ಲೇ ಆ ಹಕ್ಕು ಬಿಟ್ಟುಕೊಟ್ಟಿರುತ್ತೇವೆ. 2024ರ ಫೆಬ್ರುವರಿಯಲ್ಲಿ ರೆಡ್ಡಿಟ್ ಗೂಗಲ್ ಜೊತೆ ಒಪ್ಪಂದ ಮಾಡಿಕೊಂಡಿತು. ಅದರ ಮೊತ್ತ ವರ್ಷಕ್ಕೆ ಸುಮಾರು 6 ಕೋಟಿ ಡಾಲರ್ ಎಂದು ವರದಿಯಾಯಿತು. ವಿಕಿಮೀಡಿಯ ಕೂಡ 2021ರಲ್ಲಿ ಶುರು ಮಾಡಿದ 'ಎಂಟರ್‌ಪ್ರೈಸ್' ಸೇವೆಗೆ ದೊಡ್ಡ ಕಂಪನಿಗಳಿಂದ ಹಣ ಪಡೆಯುತ್ತದೆ. ವ್ಯತ್ಯಾಸ ಇಷ್ಟು: ಅಲ್ಲಿ ಮಾರುವುದು ಬರಹವನ್ನಲ್ಲ, ಬೇಗ ಮತ್ತು ಅಚ್ಚುಕಟ್ಟಾಗಿ ತಲುಪಿಸುವ ಸೇವೆಯನ್ನು. ಬರಹ ಎಲ್ಲರಿಗೂ ಉಚಿತವಾಗೇ ಉಳಿಯುತ್ತದೆ. ಆ ಹಣದಿಂದ ನಡೆಯುವುದೂ ಲಾಭಕ್ಕಲ್ಲದ ಸಂಸ್ಥೆಯೇ. ತಲೆಗೆ ಇಷ್ಟು ಎಂದು ಹಂಚಲು ಹೋದರೆ ಪ್ರತಿಯೊಬ್ಬರಿಗೂ ಚಿಲ್ಲರೆ ಸಿಕ್ಕೀತು. ಸರ್ವರ್, ಉಪಕರಣ, ಹೊಸಬರ ತರಬೇತಿ ಹೀಗೆ ಒಟ್ಟಾಗಿ ಮರಳುವುದೇ ನನಗೆ ಹೆಚ್ಚು ಸರಿ ಕಾಣುತ್ತದೆ.

ಬಾಟ್‌ಗಳು ಬರದ ಹಾಗೆ ಬಾಗಿಲು ಹಾಕೋದು ಹೇಗೆ?

ನಿಮ್ಮದೇ ತಾಣವಿದ್ದರೆ ರೋಬಾಟ್ಸ್ ಡಾಟ್ ಟಿಎಕ್ಸ್‌ಟಿ ಕಡತದಲ್ಲಿ ಯಾವ ಬಾಟ್ (ಪುಟಗಳನ್ನು ತಾನಾಗಿ ಇಳಿಸಿಕೊಳ್ಳುವ ಪ್ರೋಗ್ರಾಮ್) ಬರಬಾರದು ಎಂದು ಬರೆಯಬಹುದು. 1994ರಿಂದ ಇರುವ ಪದ್ಧತಿ, ಅಧಿಕೃತ ಮಾನದಂಡವಾಗಿದ್ದು 2022ರಲ್ಲಿ. ಅದು ಬಾಗಿಲಲ್ಲ, ಬಾಗಿಲ ಮೇಲಿನ ಚೀಟಿ. ಮರ್ಯಾದಸ್ಥರು ಓದಿ ವಾಪಸಾಗುತ್ತಾರೆ, ಉಳಿದವರನ್ನು ಸರ್ವರ್ ಮಟ್ಟದಲ್ಲೇ ತಡೆಯಬೇಕು.

ಉಲ್ಟಾ ಪ್ರಶ್ನೆ: ನನ್ನ ಹೆಸರು ಹಾಕೋದೇ ಬೇಡ ಅಂದ್ರೆ?

ಅದೂ ನಿಮ್ಮ ಹಕ್ಕು. ಸಿಸಿ 4.0ರಲ್ಲಿ, ಸಾಧ್ಯವಿದ್ದಷ್ಟು ಮಟ್ಟಿಗೆ ನನ್ನ ಹೆಸರು ತೆಗೆಯಿರಿ ಎಂದು ಕೇಳಬಹುದು. ಎಐ ಕಾಲದಲ್ಲಿ ಇದಕ್ಕೆ ಬೆಲೆ ಬಂದಿದೆ. ನೀವು ಬರೆದದ್ದನ್ನು ತಿರುಚಿ, ತಮ್ಮದನ್ನು ಸೇರಿಸಿ, ಕೆಳಗೆ ನಿಮ್ಮ ಹೆಸರು ಹಾಕಿದರೆ ಅದು ಮನ್ನಣೆಯಲ್ಲ, ಆರೋಪ. ಬದಲಾಯಿಸಿದ್ದರೆ ಬದಲಾಯಿಸಿದ್ದೇವೆ ಎಂದು ಹೇಳಬೇಕು, ಬರೆದವರು ನಮ್ಮನ್ನು ಬೆಂಬಲಿಸುತ್ತಾರೆ ಎಂಬ ಭಾವನೆ ಬರಿಸಬಾರದು. ಎರಡೂ ಅದೇ ಲೈಸೆನ್ಸಿನಲ್ಲಿವೆ.

ಲೈಸೆನ್ಸ್ ಸರಿಯಾಗಿದ್ರೆ ಎಲ್ಲ ಸರಿ ಅಂತಾನೇ ಅಲ್ವಾ?

ಅಲ್ಲ. 2019ರಲ್ಲಿ ಐಬಿಎಂ ಮುಖ ಗುರುತಿಸುವ ಸಂಶೋಧನೆಗಾಗಿ ಸುಮಾರು 10 ಲಕ್ಷ ಫೋಟೋಗಳ ಸಂಗ್ರಹ ಬಿಡುಗಡೆ ಮಾಡಿತು. ಎಲ್ಲವೂ ಫ್ಲಿಕರ್ ಎಂಬ ಫೋಟೋ ತಾಣದಲ್ಲಿ ಜನ ಸಿಸಿ ಲೈಸೆನ್ಸಿನಲ್ಲಿ ಹಾಕಿದ್ದವು. ಫೋಟೋ ತೆಗೆದವರು ಒಪ್ಪಿಗೆ ಕೊಟ್ಟಿದ್ದು ನಿಜ. ಫೋಟೋದಲ್ಲಿದ್ದವರನ್ನು ಯಾರು ಕೇಳಿದರು? ಕಾಪಿರೈಟ್ ಒಂದು ಪ್ರಶ್ನೆಗೆ ಮಾತ್ರ ಉತ್ತರ, ಪ್ರತಿ ಮಾಡಬಹುದೇ ಎನ್ನುವುದಕ್ಕೆ. ಖಾಸಗಿತನ, ಮುಖದ ಗುರುತು, ಮಕ್ಕಳ ಚಿತ್ರ, ಕಾಯಿಲೆಯ ವಿವರ ಇವಕ್ಕೆಲ್ಲ ಬೇರೆಯಾಗಿಯೇ ಯೋಚಿಸಬೇಕು.

## ಆಳಕ್ಕೆ ಇಳಿದರೆ

ಬೈ-ಎಸ್‌ಎ ಪಠ್ಯದಿಂದ ಕಲಿತ ಮಾಡೆಲ್ ಕೂಡ ಬೈ-ಎಸ್‌ಎ ಆಗಬೇಕಲ್ವಾ?

ಕೊಟ್ಟವರಲ್ಲಿ ಬಹಳ ಮಂದಿ ಹೀಗೇ ನಂಬಿದ್ದಾರೆ. ಕಾನೂನಿನಲ್ಲಿ ಇದು ಇನ್ನೂ ತೀರ್ಮಾನವಾಗಿಲ್ಲ. ಕ್ರಿಯೇಟಿವ್ ಕಾಮನ್ಸ್ ಹೇಳುವುದು ಹೀಗೆ: ಕಾಪಿರೈಟ್ ಅನುಮತಿ ಬೇಕಾದ ಕಡೆ ಮಾತ್ರ ಲೈಸೆನ್ಸಿನ ಷರತ್ತು ಅನ್ವಯಿಸುತ್ತದೆ. ಒಂದು ದೇಶದ ಕಾನೂನು ತರಬೇತಿಗೆ ವಿನಾಯಿತಿ ಕೊಟ್ಟಿದ್ದರೆ ಅಲ್ಲಿ ಷರತ್ತು ಏಳುವುದೇ ಇಲ್ಲ. ಯುರೋಪಿಯನ್ ಒಕ್ಕೂಟದ 2019ರ ನಿರ್ದೇಶನ ಪಠ್ಯ ಗಣಿಗಾರಿಕೆಗೆ (ಯಂತ್ರದಿಂದ ರಾಶಿ ಪಠ್ಯ ಓದಿಸಿ ಮಾಹಿತಿ ತೆಗೆಯುವುದಕ್ಕೆ) ಇಂಥ ವಿನಾಯಿತಿ ಕೊಟ್ಟಿದೆ. ಬೇಡ ಎನ್ನುವ ಹಕ್ಕನ್ನು ಹಕ್ಕುದಾರರಿಗೆ ಇಟ್ಟಿದೆ, ಆದರೆ ಸಂಶೋಧನಾ ಸಂಸ್ಥೆಗಳ ವಿಷಯದಲ್ಲಿ ಆ ಹಕ್ಕೂ ಇಲ್ಲ.

ಮಾಡೆಲ್ ಒಳಗೆ ಇರುವುದು ಪ್ರತಿಯೋ ಅಲ್ಲವೋ ಎನ್ನುವಲ್ಲೇ ಜಗಳ. 2025ರ ನವೆಂಬರ್ ಒಂದೇ ತಿಂಗಳಲ್ಲಿ ಎರಡು ತೀರ್ಪು ಬಂದವು. ಫೋಟೋ ಮಾರುವ ಗೆಟ್ಟಿ ಇಮೇಜಸ್ ಕಂಪನಿಯ ಕೇಸಿನಲ್ಲಿ ಲಂಡನ್ ಹೈಕೋರ್ಟ್, ಚಿತ್ರಗಳನ್ನು ತನ್ನೊಳಗೆ ಇಟ್ಟುಕೊಳ್ಳದ ಮಾಡೆಲ್ ಪ್ರತಿಯಲ್ಲ ಎಂದಿತು. ಒಂದೇ ವಾರದ ಅಂತರದಲ್ಲಿ ಮ್ಯೂನಿಕ್ ನ್ಯಾಯಾಲಯ, ಹಾಡುಗಳ ಹಕ್ಕು ನೋಡಿಕೊಳ್ಳುವ ಗೇಮಾ ಸಂಸ್ಥೆ ಓಪನ್‌ಎಐ ಮೇಲೆ ಹೂಡಿದ ಕೇಸಿನಲ್ಲಿ, ಹಾಡಿನ ಸಾಲುಗಳನ್ನು ಕಂಠಪಾಠ ಮಾಡಿದ ಮಾಡೆಲ್ ಪ್ರತಿ ಮಾಡಿದಂತೆಯೇ ಎಂದಿತು. ಇವು ಪೂರ್ತಿ ಎದುರುಬದುರು ತೀರ್ಪುಗಳಲ್ಲ. ಮ್ಯೂನಿಕ್ ಕೇಸಿನಲ್ಲಿ ಮಾಡೆಲ್ ನೆನಪಿಟ್ಟುಕೊಂಡಿದ್ದಕ್ಕೆ ಸಾಕ್ಷ್ಯ ಇತ್ತು, ಲಂಡನ್ ಕೇಸಿನಲ್ಲಿ ಇರಲಿಲ್ಲ. ಹಾಗಾಗಿ ಇಡೀ ಮಾಡೆಲ್ ಬೈ-ಎಸ್‌ಎ ಆಗಲಿ ಎಂದು ಹಟ ಹಿಡಿಯುವುದಕ್ಕಿಂತ, ಅದು ಅಕ್ಷರಶಃ ಒಪ್ಪಿಸಿದ ಭಾಗಕ್ಕೆ ಲೈಸೆನ್ಸ್ ಹಿಂಬಾಲಿಸಬೇಕು ಎಂಬ ವಾದಕ್ಕೆ ಗಟ್ಟಿ ನೆಲ ಇದೆ.

ಕೋಟಿ ಜನರ ಹೆಸರು ಹಾಕೋಕೆ ಆಗುತ್ತಾ? ಸುಮ್ನೆ ಆಗದ ಮಾತು.

ಕೋಟಿ ಹೆಸರನ್ನು ಯಾರೂ ಕೇಳುತ್ತಿಲ್ಲ. ಬಳಸುವ ಮಾಧ್ಯಮಕ್ಕೆ ಹೊಂದುವ ಯಾವುದೇ ಯೋಗ್ಯ ರೀತಿಯಲ್ಲಿ ಹೇಳಿದರೆ ಸಾಕು ಎಂದು ಸಿಸಿ ಲೈಸೆನ್ಸೇ ಹೇಳುತ್ತದೆ. ನೂರು ಜನ ತಿದ್ದಿದ ವಿಕಿಪೀಡಿಯ ಲೇಖನಕ್ಕೆ ನೂರು ಹೆಸರು ಬೇಕಿಲ್ಲ, ಆ ಪುಟದ ಲಿಂಕ್ ಸಾಕು. ಹೆಸರುಗಳೆಲ್ಲ ಅದರ ಇತಿಹಾಸದಲ್ಲಿವೆ. ಜನರೇ ಸೇರಿ ಮಾಡಿದ ತೆರೆದ ನಕ್ಷೆ ಓಪನ್‌ಸ್ಟ್ರೀಟ್‌ಮ್ಯಾಪ್ ಕೂಡ ಕೇಳುವುದು 'ಓಪನ್‌ಸ್ಟ್ರೀಟ್‌ಮ್ಯಾಪ್ ಕೊಡುಗೆದಾರರು' ಎಂಬ ಒಂದು ಸಾಲು ಮತ್ತು ಲಿಂಕ್.

ತರಬೇತಿಯ ಮಟ್ಟದಲ್ಲಿ ಯಾವ ಸಂಗ್ರಹಗಳನ್ನು ಬಳಸಿದೆವು ಎಂದು ಪಟ್ಟಿ ಕೊಡಬಹುದು. ಯುರೋಪಿನ ಎಐ ಕಾಯ್ದೆ ಸಾಮಾನ್ಯ ಬಳಕೆಯ ಮಾಡೆಲ್ ಮಾಡುವವರಿಂದ ತರಬೇತಿ ಸಾಮಗ್ರಿಯ ಸಾರಾಂಶ ಕೇಳುತ್ತದೆ, 2025ರ ಆಗಸ್ಟ್ 2ರಿಂದ ಅದು ಜಾರಿಗೆ ಬಂದಿದೆ. ಉತ್ತರದ ಮಟ್ಟದಲ್ಲೂ ದಾರಿಗಳಿವೆ. ಎಐ2 ಎಂಬ ಸಂಶೋಧನಾ ಸಂಸ್ಥೆಯ ಓಲ್ಮೋಟ್ರೇಸ್ ಎಂಬ ಉಪಕರಣ, ಮಾಡೆಲ್ ಕೊಟ್ಟ ಪಠ್ಯದ ಯಾವ ತುಂಡು ತರಬೇತಿ ಸಾಮಗ್ರಿಯಲ್ಲಿ ಹಾಗೇ ಇದೆ ಎಂದು ಹುಡುಕಿ ತೋರಿಸುತ್ತದೆ. ಇದು ಸಾಧ್ಯವಾಗಿದ್ದು ಆ ಸಾಮಗ್ರಿಯನ್ನೇ ಬಹಿರಂಗವಾಗಿ ಇಟ್ಟಿದ್ದರಿಂದ. ಅಂದರೆ 'ಆಗದು' ಎನ್ನುವುದರಲ್ಲಿ ತಂತ್ರಜ್ಞಾನದ ಪಾಲು ಸ್ವಲ್ಪ, ಪಟ್ಟಿ ತೋರಿಸಲು ಮನಸ್ಸಿಲ್ಲದ್ದೇ ಜಾಸ್ತಿ.

ಸಿಸಿ ಝೀರೋದಲ್ಲಿ ಕೊಟ್ಟಿದ್ದಕ್ಕೂ ಹೆಸರು ಹೇಳಬೇಕಾ?

ಕಾನೂನಿಗಾಗಿ ಬೇಡ. ವಿಕಿಪೀಡಿಯದ ದತ್ತಾಂಶ ಸಂಗಾತಿ ವಿಕಿಡೇಟಾ, ಜನ ದಾನ ಕೊಟ್ಟ ಧ್ವನಿಗಳ ಸಂಗ್ರಹವಾದ ಮೊಝಿಲ್ಲಾದ ಕಾಮನ್ ವಾಯ್ಸ್ ಎರಡೂ ಹಾಗೇ ಇವೆ. ಆದರೆ ಯಾವ ಆವೃತ್ತಿಯ ದತ್ತಾಂಶ ಬಳಸಿದಿರಿ ಎಂದು ಹೇಳದಿದ್ದರೆ ನಿಮ್ಮ ಫಲಿತಾಂಶವನ್ನು ಯಾರೂ ಪರೀಕ್ಷಿಸಲಾರರು. ಅಷ್ಟಕ್ಕಾದರೂ ಹೇಳಿ.

ಒಂದು ಸಮುದಾಯದ ಮಾತು, ಹಾಡು, ಕಥೆ ಇವಕ್ಕೆ ಯಾರ ಹೆಸರು ಹಾಕೋದು?

ಲೈಸೆನ್ಸುಗಳು ತಡವರಿಸುವುದೇ ಇಲ್ಲಿ. ಅವು ಒಬ್ಬ ಲೇಖಕ ಇದ್ದಾನೆ ಎಂದುಕೊಂಡು ಬರೆದವು. ತಲೆತಲಾಂತರದಿಂದ ಬಂದ ಹಾಡಿಗೆ ಒಬ್ಬ ಲೇಖಕ ಇಲ್ಲ. ಕಾಪಿರೈಟ್ ಲೆಕ್ಕದಲ್ಲಿ ಅದು ಯಾರದ್ದೂ ಅಲ್ಲ, ಹಾಡುವವರ ಲೆಕ್ಕದಲ್ಲಿ ಎಲ್ಲರದ್ದು. ನ್ಯೂಜಿಲೆಂಡಿನ ಟೆ ಹಿಕು ಮೀಡಿಯಾ ಸಂಸ್ಥೆ ಅಲ್ಲಿನ ಮೂಲನಿವಾಸಿಗಳ ಮಾವೊರಿ ಭಾಷೆಯ ಧ್ವನಿಯನ್ನು ಜನರಿಂದಲೇ ಸಂಗ್ರಹಿಸಿ ಮಾತು ಗುರುತಿಸುವ ಉಪಕರಣ ಮಾಡಿತು. ಆ ದತ್ತಾಂಶವನ್ನು ಅವರು ತೆರೆದ ಲೈಸೆನ್ಸಿಗೆ ಬಿಡಲಿಲ್ಲ. ಕೈತಿಯಾಕಿತಂಗ ಎಂಬ ತಮ್ಮದೇ ಲೈಸೆನ್ಸ್ ಬರೆದರು. ಅದರ ಪ್ರಕಾರ ಸಂಸ್ಥೆ ದತ್ತಾಂಶದ ಮಾಲೀಕನಲ್ಲ, ಕಾವಲುಗಾರ. ಬಳಕೆಯ ಲಾಭ ಮಾತಾಡುವ ಜನರಿಗೇ ಸಲ್ಲಬೇಕು.

2019ರಲ್ಲಿ ಮೂಲನಿವಾಸಿಗಳ ದತ್ತಾಂಶಕ್ಕಾಗಿ ರೂಪಿಸಿದ ಕೇರ್ ತತ್ವಗಳೂ ಇದೇ ಜಾಡಿನಲ್ಲಿವೆ: ಸಾಮೂಹಿಕ ಲಾಭ, ನಿಯಂತ್ರಣದ ಅಧಿಕಾರ, ಹೊಣೆ, ನೈತಿಕತೆ. ತೆರೆದಷ್ಟೂ ಒಳ್ಳೆಯದು ಎಂದು ನಂಬಿದವರಿಗೆ ಇದು ಇರುಸುಮುರುಸು ತರುತ್ತದೆ. ಆದರೆ ಎಲ್ಲರಿಗೂ ತೆರೆದಿಟ್ಟದ್ದನ್ನು ಮೊದಲು ಹೊತ್ತೊಯ್ಯುವುದು ದೊಡ್ಡ ಕಂಪ್ಯೂಟರ್ ಇರುವವರು.

ನಾನೇ ಒಂದು ಸಣ್ಣ ಮಾಡೆಲ್ ಮಾಡ್ತಿದ್ದೀನಿ. ಏನು ಮಾಡಿದ್ರೆ ಸರಿ?

ಪಠ್ಯ ಇಳಿಸಿಕೊಳ್ಳುವ ದಿನವೇ ಪ್ರತಿ ದಾಖಲೆಯ ಜೊತೆ ಪುಟದ ವಿಳಾಸ, ಬರೆದವರ ಹೆಸರು, ತಾರೀಕು, ಲೈಸೆನ್ಸು ಮತ್ತು ಅದರ ಆವೃತ್ತಿ ಇಟ್ಟುಕೊಳ್ಳಿ. ಶುಚಿ ಮಾಡುವ ನೆಪದಲ್ಲಿ ಮೊದಲು ಕಿತ್ತೆಸೆಯುವುದು ಇವನ್ನೇ, ಆಮೇಲೆ ಮರಳಿ ಜೋಡಿಸಲು ಆಗುವುದಿಲ್ಲ. ಆವೃತ್ತಿ ಯಾಕೆ ಬೇಕು ಎಂದರೆ, ಸ್ಟ್ಯಾಕ್ ಓವರ್‌ಫ್ಲೋದ ಒಂದೇ ತಾಣದಲ್ಲಿ ಉತ್ತರ ಬರೆದ ದಿನ ನೋಡಿ ಬೈ-ಎಸ್‌ಎ 2.5, 3.0, 4.0 ಮೂರೂ ಇವೆ. ಒಂದೊಂದೇ ಪುಟ ಕೆರೆಯುವ ಬದಲು ತಾಣ ಕೊಡುವ ಡಂಪ್ (ಇಡೀ ತಾಣದ ಪಠ್ಯ ಒಟ್ಟಿಗೆ ಸಿಗುವ ಕಡತ) ಇಳಿಸಿಕೊಳ್ಳಿ. 2024ರ ಜನವರಿಯಿಂದ ತನ್ನ ತಾಣಗಳಲ್ಲಿ ಚಿತ್ರ, ವಿಡಿಯೊ ಇಳಿಸುವ ಹೊರೆ ಶೇ. 50ರಷ್ಟು ಏರಿದೆ, ಅದಕ್ಕೆ ಕಾರಣ ಮುಖ್ಯವಾಗಿ ಬಾಟ್‌ಗಳು ಎಂದು ವಿಕಿಮೀಡಿಯ 2025ರಲ್ಲಿ ಹೇಳಿತ್ತು. ಆ ಬಿಲ್ ಕಟ್ಟುವುದು ದಾನಿಗಳ ದುಡ್ಡಿನಲ್ಲಿ.

ಮಾಡೆಲ್ ಜೊತೆ ಯಾವ ಸಂಗ್ರಹ, ಯಾವ ದಿನದ್ದು, ಏನು ತೆಗೆದಿರಿ ಎಂಬ ಪುಟ ಹಾಕಿ. ನನ್ನದನ್ನು ತೆಗೆಯಿರಿ ಎನ್ನುವವರಿಗೆ ಒಂದು ಮೇಲ್ ವಿಳಾಸ ಕೊಡಿ, ಬಂದ ಮೇಲ್‌ಗೆ ಉತ್ತರವನ್ನೂ ಕೊಡಿ. ಲೈಸೆನ್ಸಿನಲ್ಲಿ ಎಡವಿದ್ದೀರಿ ಎಂದು ಯಾರಾದರೂ ತೋರಿಸಿದರೆ ವಾದಕ್ಕೆ ಇಳಿಯಬೇಡಿ. ಸಿಸಿ 4.0ರಲ್ಲಿ ತಪ್ಪು ತಿಳಿದ 30 ದಿನದೊಳಗೆ ಸರಿಪಡಿಸಿದರೆ ಬಳಸುವ ಹಕ್ಕು ತಾನಾಗಿ ಮರಳುತ್ತದೆ. ದತ್ತಾಂಶ ಶುಚಿ ಮಾಡುವಾಗ ನೂರಾರು ತಪ್ಪು ಸಿಗುತ್ತವೆ: ತಪ್ಪು ಇಸವಿ, ಕೆಟ್ಟ ಲಿಂಕು, ಅದಲುಬದಲಾದ ಹೆಸರು. ಅವನ್ನು ನಿಮ್ಮ ಪ್ರತಿಯಲ್ಲಿ ಮಾತ್ರ ತಿದ್ದಿಕೊಳ್ಳಬೇಡಿ, ಮೂಲ ಪುಟಕ್ಕೆ ಹೋಗಿ ಅಲ್ಲೂ ತಿದ್ದಿ.